ಉಣ್ಣೆಯನ್ನು ಕಡೆಗಣಿಸಬೇಡಿ



ನಾನು ಹತ್ತನೇ ತರಗತಿಯಲ್ಲಿದ್ದಾಗ ನಮ್ಮ ಸೀಮೆಹಸು ಜ್ವರ ಬಂದು ಮೇವು ಬಿಟ್ಟಿತು. ದೃಷ್ಟಿಯೆಂದು ಅಮ್ಮ ನಿವಾಳಿಸಿದರು. ಮೂರು ದಿನ ಕಾದೆವು; ನಾಲ್ಕನೇ ದಿನ ಹಸು ಸತ್ತುಹೋಯಿತು. ಡೇರಿಯ ದುಡ್ಡು ನಿಂತಿತು. ಅಮ್ಮ ಸಾಲ ಮಾಡಿ ನನ್ನನ್ನು ಬಿ.ಇ. ಓದಿಸಿದರು.

ಅದು ಥೈಲೇರಿಯಾ ರೋಗವೆಂದು ಆಮೇಲೆ ತಿಳಿಯಿತು. ಉಣ್ಣೆ ಕಚ್ಚಿದಾಗ ಅದರ ಪರೋಪಜೀವಿ ಹಸುವಿನ ಮೈ ಸೇರುತ್ತದೆ. ವಿಪರೀತ ಜ್ವರ, ಭುಜದ ಮುಂದೆ ಗಂಟು, ರಕ್ತಹೀನತೆ ಇದರ ಗುರುತು. ನಾಟಿ ಹಸುಗಳಿಗಿಂತ ಮಿಶ್ರತಳಿಗೆ ಅಪಾಯ ಹೆಚ್ಚು. ಒಂದು ಹನಿ ರಕ್ತದ ಪರೀಕ್ಷೆಯಲ್ಲೇ ಪತ್ತೆಯಾಗಬಹುದು. ಬೇಗ ಕೊಟ್ಟರೆ ಬುಪಾರ್ವಕ್ವೋನ್ ಚುಚ್ಚುಮದ್ದು ಹಸುವನ್ನು ಉಳಿಸಬಲ್ಲದು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು 1958ರಿಂದಲೂ ನಮ್ಮ ಹತ್ತಿರದಲ್ಲೇ ಇದೆ.

ಉಣ್ಣೆ ಕೊಟ್ಟಿಗೆಯ ಗೋಡೆ ಬಿರುಕಿನಲ್ಲೂ ಮೊಟ್ಟೆಯಿಡುತ್ತದೆ. ಬಿರುಕು ಮುಚ್ಚಿ. ಜ್ವರ ಕಂಡ ದಿನವೇ ವೈದ್ಯರನ್ನು ಕರೆಯಿರಿ. ನಮ್ಮ ಹಾಗೆ ಕಾಯಬೇಡಿ.