ಆಟದ ಪೆಟ್ಟಿಗೆಗೆ ಬೆಲೆ ಇಳಿಯುವ ಹೊತ್ತು

ಮಣ್ಣೆತ್ತಿನ ಅಮಾವಾಸ್ಯೆಯ ದಿನ ಕೊಪ್ಪಳದ ಪೇಟೆಯಲ್ಲಿಯೋ ಕುಷ್ಟಗಿಯ ಸಂತೆಯಲ್ಲಿಯೋ ಒಂದು ಜೋಡಿ ಮಣ್ಣಿನ ಎತ್ತು ಕೊಂಡವರಿಗೆ ನಾನು ಇಂದು ಹೇಳಹೊರಟಿರುವ ಮಾತು ಅರ್ಧ ಗೊತ್ತಿದ್ದಂತೆಯೇ ಸರಿ. ಮುಂಜಾನೆ ಕುಂಬಾರನು ಹೇಳಿದ್ದೇ ಬೆಲೆ. ಮಧ್ಯಾಹ್ನಕ್ಕೆ ಚೌಕಾಶಿ ನಡೆಯುತ್ತದೆ. ಸಂಜೆಗೆ ಉಳಿದ ಎತ್ತುಗಳನ್ನು ಬಂದಷ್ಟಕ್ಕೆ ಕೊಟ್ಟು, ಬುಟ್ಟಿ ಬರಿದು ಮಾಡಿಕೊಂಡು ಅವನು ಊರಿಗೆ ಹೊರಡುತ್ತಾನೆ. ಮರುದಿನ ಅವನ್ನು ಕೇಳುವವರಿಲ್ಲ.

ಈ ಒಂದು ಹಗಲನ್ನು ಆರೇಳು ವರ್ಷಗಳಿಗೆ ಎಳೆದು ನೋಡಿರಿ. ಟೆಲಿವಿಷನ್ನಿಗೆ ತಗುಲಿಸಿ ಆಡುವ ವಿಡಿಯೋ ಗೇಮಿನ ಪೆಟ್ಟಿಗೆಯ ವ್ಯಾಪಾರ ತಮ್ಮ ಕಣ್ಣಿಗೆ ಕಟ್ಟುತ್ತದೆ. ‘ಕನ್ಸೋಲ್’ ಎಂದು ಅದರ ಹೆಸರು. ಇದೇನು ಹುಡುಗರ ವಿಷಯವೆಂದು ಹಿರಿಯರು ಈ ಪುಟವನ್ನು ಮಗುಚದಿರಲಿ. ಹಣ ಕೊಡುವವರು ತಾವೇ ತಾನೆ!

ಈ ಪೆಟ್ಟಿಗೆ ಮಾಡುವವರ ಲೆಕ್ಕಾಚಾರ ಸ್ವಲ್ಪ ವಿಚಿತ್ರವಾದುದು. ಚಿಮಣಿಯನ್ನು ಅಸಲಿಗಿಂತ ಕಡಿಮೆಗೆ ಕೊಟ್ಟು ಎಣ್ಣೆಯಲ್ಲಿ ಲಾಭ ತೆಗೆಯುವ ಅಂಗಡಿಕಾರನಂತೆ, ಅವರು ಪೆಟ್ಟಿಗೆಯಲ್ಲಿ ಅಷ್ಟಾಗಿ ಗಳಿಸುವುದಿಲ್ಲ. ಎಷ್ಟೋ ಸಲ ಮೊದಮೊದಲು ಕಳೆದುಕೊಳ್ಳುವುದೂ ಉಂಟು. ಅವರ ಗಳಿಕೆಯೆಲ್ಲ ಮುಂದೆ ಮಾರುವ ಆಟಗಳಲ್ಲಿ. ಆದ್ದರಿಂದ ಪೆಟ್ಟಿಗೆ ಹೆಚ್ಚು ಮನೆ ಸೇರಿದಷ್ಟೂ ಅವರಿಗೆ ಹಿತ. ಹಾಗಾದರೆ ಮೊದಲ ದಿನವೇ ಏಕೆ ಬೆಲೆ ಇಳಿಸಬಾರದು? ಆಗ ಒಳಗಿನ ಚಿಪ್ಪುಗಳು ದುಬಾರಿ, ತಯಾರಾದ ಪೆಟ್ಟಿಗೆಗಳು ಕೆಲವೇ, ಬೇಕೆಂದು ಸಾಲು ನಿಂತವರು ಬಹಳ. ಬೆಲೆ ಇಳಿಸಿದರೂ ಕೊಡಲು ಮಾಲಿಲ್ಲ. ವರ್ಷಗಳು ಉರುಳಿದಂತೆ ತಯಾರಿಕೆಯ ಖರ್ಚು ಇಳಿಯುತ್ತದೆ, ಸಾಲು ಕರಗುತ್ತದೆ. ಆಗ ಒಂದೊಂದೇ ಮೆಟ್ಟಿಲು ಇಳಿಯುತ್ತಾರೆ.

ಸೋನಿ ಕಂಪನಿಯ ಪ್ಲೇಸ್ಟೇಷನ್ 2 ಈ ಮೆಟ್ಟಿಲಿಳಿಯುವ ವಿದ್ಯೆಗೆ ಒಳ್ಳೆಯ ಪಾಠ. ಅಮೆರಿಕದಲ್ಲಿ ಅದು 2000ದ ಅಕ್ಟೋಬರಿನಲ್ಲಿ 299 ಡಾಲರಿಗೆ ಬಂದಿತು. 2002ರ ಮೇ ತಿಂಗಳಲ್ಲಿ 199 ಆಯಿತು. 2003ರಲ್ಲಿ 179, 2004ರಲ್ಲಿ 149, 2006ರಲ್ಲಿ 129, ಕಡೆಗೆ 2009ರಲ್ಲಿ 99. ಮೊದಲು ಕೊಂಡವನು ಆಟದ ಹುಚ್ಚಿನವನು. ನಡುವೆ ಕೊಂಡವನು ಸಂಬಳದವನು. ಕಡೆಗೆ ಕೊಂಡವನು ಮಕ್ಕಳೊಂದಿಗ. ಹೀಗೆ 15 ಕೋಟಿಗೂ ಮೇಲ್ಪಟ್ಟು ಪೆಟ್ಟಿಗೆಗಳು ಮಾರಾಟವಾದವು. 2002ರಲ್ಲಿ ಸೋನಿ ಬೆಲೆ ಇಳಿಸಿದ ಮರುದಿನವೇ ಮೈಕ್ರೋಸಾಫ್ಟ್ ಕಂಪನಿ ತನ್ನ ಎಕ್ಸ್‌ಬಾಕ್ಸನ್ನು ಅದೇ 199ಕ್ಕೆ ಇಳಿಸಿತು; ವಾರದೊಳಗೆ ನಿಂಟೆಂಡೋ ತನ್ನ ಗೇಮ್‌ಕ್ಯೂಬನ್ನು 149ಕ್ಕೆ ತಂದಿತು. ಎದುರುಬದುರು ಕುಳಿತ ಕಾಯಿಪಲ್ಲೆಯವರು ಒಬ್ಬರ ದನಿ ಕೇಳಿ ಇನ್ನೊಬ್ಬರು ಕೂಗುವುದಕ್ಕೂ ಇದಕ್ಕೂ ನನಗೇನೂ ಭೇದ ಕಾಣದು.

ಹೊತ್ತು ತಪ್ಪಿದರೆ ಏನಾಗುತ್ತದೆಂಬುದಕ್ಕೂ ಉದಾಹರಣೆಗಳುಂಟು. ಜಪಾನಿನ ಸೆಗಾ ಕಂಪನಿಯವರು ತಮ್ಮ ಸ್ಯಾಟರ್ನ್ ಯಂತ್ರ 1995ರ ಸೆಪ್ಟೆಂಬರ್ 2ಕ್ಕೆ ಅಮೆರಿಕದ ಅಂಗಡಿಗಳಿಗೆ ಬರುವುದೆಂದು ಸಾರಿದ್ದರು. ಆ ವರ್ಷ ಮೇ 11ರಂದು ಲಾಸ್ ಏಂಜಲೀಸಿನ ವ್ಯಾಪಾರಿ ಮೇಳದಲ್ಲಿ ಥಟ್ಟನೆ, ಯಂತ್ರ ಈಗಾಗಲೇ ಅಂಗಡಿಯಲ್ಲಿದೆ, ಬೆಲೆ 399 ಡಾಲರ್ ಎಂದರು. ಎದುರಾಳಿಗಿಂತ ನಾಲ್ಕು ತಿಂಗಳು ಮುಂದಾದೆವೆಂಬ ಹಿಗ್ಗು ಅವರಿಗೆ. ಅದೇ ದಿನ ಸೋನಿಯ ಸ್ಟೀವ್ ರೇಸ್ ಎಂಬವರು ವೇದಿಕೆಗೆ ಬಂದು, 299 ಎಂಬ ಒಂದೇ ಅಂಕಿಯನ್ನು ಹೇಳಿ ಕೆಳಗಿಳಿದರು. ಇತ್ತ ಸೆಗಾದ ಆಟಗಳಿನ್ನೂ ಸಾಕಷ್ಟು ಸಿದ್ಧವಾಗಿರಲಿಲ್ಲ; ಮಾಲು ಸಿಗದ ಅಂಗಡಿಯವರು ಮುನಿಸಿಕೊಂಡರು. 2001ರಲ್ಲಿ ಸೆಗಾ ಯಂತ್ರ ಮಾಡುವುದನ್ನೇ ಬಿಟ್ಟಿತು.

ಇನ್ನು ಅವಸರದಲ್ಲಿ ಬೆಲೆ ಇಳಿಸುವ ಕಷ್ಟ. ನಿಂಟೆಂಡೋದವರ 3ಡಿಎಸ್ ಎಂಬ ಕೈಯಂತ್ರ 2011ರ ಮಾರ್ಚಿನಲ್ಲಿ ಸುಮಾರು 250 ಡಾಲರಿಗೆ ಬಂದಿತು, ಎಣಿಸಿದಂತೆ ಮಾರಾಟವಾಗಲಿಲ್ಲ, ಆಗಸ್ಟಿನಲ್ಲೇ 170ಕ್ಕೆ ಇಳಿಯಿತು. ಐದು ತಿಂಗಳ ಹಿಂದೆ ಪೂರ್ತಿ ಹಣ ತೆತ್ತವನ ಹೊಟ್ಟೆ ಉರಿಯದೆ? ಅವನನ್ನು ಸಮಾಧಾನಪಡಿಸಲು 20 ಹಳೆಯ ಆಟಗಳನ್ನು ಪುಕ್ಕಟೆ ಕೊಟ್ಟರು. ಕಂಪನಿಯ ಮುಖ್ಯಸ್ಥರಾಗಿದ್ದ ಸತೋರು ಇವಾತಾ ತಮ್ಮ ಸಂಬಳವನ್ನೇ ಅರ್ಧಕ್ಕೆ ಇಳಿಸಿಕೊಂಡರು. ಇಂಥ ಮುಖಭಂಗದ ಭಯದಿಂದಲೇ ಬೆಲೆ ಇಳಿಸುವ ಸುದ್ದಿಯನ್ನು ಕಂಪನಿಯವರು ಕಡೆಯ ಗಳಿಗೆಯವರೆಗೆ ಬಚ್ಚಿಡುತ್ತಾರೆ. ಮುಂದಿನ ತಿಂಗಳು ಇಳಿಯುತ್ತದೆಂದು ಬಾಯಿಬಿಟ್ಟರೆ ಈ ತಿಂಗಳು ಕೊಳ್ಳುವವರಾರು?

ಈಗ ನಮ್ಮ ತಾಲೂಕುಗಳಿಗೆ ಬರೋಣ. ಕಂಪನಿಯ ಪಂಚಾಂಗಕ್ಕೂ ನಮ್ಮ ಪಂಚಾಂಗಕ್ಕೂ ಹೊಂದಿಕೆಯಿಲ್ಲ ಎಂಬುದೇ ಇಲ್ಲಿಯ ತೊಡಕು. ಹೊಸ ಪೆಟ್ಟಿಗೆಗಳು ಹೆಚ್ಚಾಗಿ ನವೆಂಬರಿನಲ್ಲಿ ಬರುತ್ತವೆ; ಅಲ್ಲಿಯವರಿಗೆ ಅದು ಕ್ರಿಸ್‌ಮಸ್ಸಿನ ಉಡುಗೊರೆ ಕೊಳ್ಳುವ ಕಾಲ. ನಮ್ಮ ದೇಶದಲ್ಲಿ ರಿಯಾಯಿತಿಯ ಡಂಗುರ ದಸರೆ ದೀಪಾವಳಿಗಳ ಹೊತ್ತಿಗೆ. ಆದರೆ ಗಂಗಾವತಿಯ ಗದ್ದೆಯಲ್ಲಿ ದೀಪಾವಳಿಗೆ ಭತ್ತ ಇನ್ನೂ ತೆನೆಯಲ್ಲಿಯೇ ಇರುತ್ತದೆ. ಕೊಯ್ಲು ಮುಗಿದು, ಮಾಲು ರೈಸ್‌ಮಿಲ್ಲು ಮುಟ್ಟಿ, ಹಣ ಕೈಸೇರುವಾಗ ಕೊಪ್ಪಳದ ಗವಿಮಠದ ತೇರಿನ ದಿನಗಳು ಹತ್ತಿರ. ರಿಯಾಯಿತಿ ಇದ್ದಾಗ ಹಣವಿಲ್ಲ, ಹಣ ಬಂದಾಗ ರಿಯಾಯಿತಿಯಿಲ್ಲ. ನಡುವಿನ ಈ ಸಂದಿಯಲ್ಲೇ ಕಂತಿನವನು ಬಂದು ಕೂಡುತ್ತಾನೆ. ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಾಗಳ ಮನೆಗಳಲ್ಲಿ ಅವನಿಗೆ ಚಾಪೆ ಹಾಸುವುದು ಇನ್ನೂ ಅಪಾಯ.

ಕಾದರೆ ಇಳಿದೇ ಇಳಿಯುತ್ತದೆಯೆ ಎಂದು ಕೇಳಿದರೆ, ಮೊದಲಿನ ಧೈರ್ಯದಿಂದ ಹೌದೆನ್ನಲಾರೆ. 2019ರ ಜನವರಿಯಿಂದ ಸರಕಾರ ಈ ಪೆಟ್ಟಿಗೆಗಳ ಮೇಲಿನ ತೆರಿಗೆಯನ್ನು ಶೇಕಡಾ 28ರಿಂದ 18ಕ್ಕೆ ಇಳಿಸಿದ್ದು ನಿಜ. ಆದರೆ 2021ರ ಫೆಬ್ರವರಿ 2ರಂದು ಭಾರತಕ್ಕೆ 49,990 ರೂಪಾಯಿಗೆ ಬಂದ ಪ್ಲೇಸ್ಟೇಷನ್ 5, 2022ರ ನವೆಂಬರಿನಲ್ಲಿ 54,990ಕ್ಕೆ ಏರಿತು. 2025ರ ಆಗಸ್ಟಿನಲ್ಲಿ ಅಮೆರಿಕದಲ್ಲಿಯೂ ಅದಕ್ಕೆ 50 ಡಾಲರ್ ಹೆಚ್ಚಾಯಿತು. ಅದೇ ತಿಂಗಳು ಅಲ್ಲಿ ನಿಂಟೆಂಡೋದವರ ಸ್ವಿಚ್‌ಗೂ ಬೆಲೆ ಏರಿತು, ಅದೂ ಎಂಟು ವರ್ಷದ ಹಳೆಯ ಯಂತ್ರ! ಚಿಪ್ಪುಗಳು ಮೊದಲಿನಂತೆ ವರ್ಷವರ್ಷಕ್ಕೆ ಅಗ್ಗವಾಗುತ್ತಿಲ್ಲ. ನಮ್ಮ ರೂಪಾಯಿಯೂ ಡಾಲರಿನೆದುರು ಸೊರಗಿದೆ. ಸಂಜೆಯಾದಂತೆ ಎತ್ತಿನ ಬೆಲೆ ಏರುವ ವಿಪರೀತ ಕಾಲವಿದು.

ಗಂಗಾವತಿಯ ಕಡೆ ಕೊಟ್ಟ ನನ್ನ ತಂಗಿಯ ಮನೆಯಲ್ಲಿ ಈ ಮಾತು ಬಂದಿತ್ತು. “ಮಾಮಾ, ದೀಪಾವಳಿಗೆ ಇಳೀತದೇನು?” ಎಂದು ಅವಳ ಮಗ ಕೇಳಿದ. ಇಬ್ಬರೂ ಕಾಗದ ಹಿಡಿದು ಕುಳಿತೆವು. 2025-26ರ ಹಂಗಾಮಿಗೆ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲಿಗೆ 2,369 ರೂಪಾಯಿ. 54,990 ರೂಪಾಯಿಗೆ 23 ಕ್ವಿಂಟಲಿಗೂ ಮೇಲೆ ಭತ್ತ ಬೇಕು. ಹೆಚ್ಚುಕಡಿಮೆ ಒಂದು ಎಕರೆಯ ಫಸಲು, ಅದೂ ಗೊಬ್ಬರ, ಆಳು, ಯಂತ್ರದ ಬಾಡಿಗೆ ಕಳೆಯುವ ಮೊದಲು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೆಯ ಗೇಟು ಕೊಚ್ಚಿಹೋದಾಗ ಆ ಮನೆಯವರು ಎಷ್ಟು ರಾತ್ರಿ ನಿದ್ದೆಗೆಟ್ಟರೆಂಬುದು ಹುಡುಗನಿಗೆ ನೆನಪಿತ್ತು. ಅವನು ಸುಮ್ಮನಾದ.

“ಭತ್ತದ ಹಣ ಬಂದು, ಸಾಲ ತೀರಿ, ಬೀಜಕ್ಕೆ ಎತ್ತಿಟ್ಟ ಮೇಲೆ ಉಳಿದರೆ ಕೊಳ್ಳೋಣ. ಆಗಿನ ಬೆಲೆಯೇ ನಮ್ಮ ಬೆಲೆ” ಎಂದರು ಭಾವನವರು. ಹುಡುಗ ಕಾಗದ ಮಡಿಚಿ ಪಾಟಿಚೀಲದಲ್ಲಿಟ್ಟುಕೊಂಡ. ಅಂದಿನಿಂದ ಅವನು ನನಗೆ ಫೋನು ಮಾಡಿದಾಗಲೆಲ್ಲ ಮೊದಲು ಹೇಳುವುದು ಆ ದಿನದ ಭತ್ತದ ಧಾರಣೆಯನ್ನು.