ವೇಗ ಹೆಚ್ಚಿಸಿದ ಪ್ರೊಸೆಸರ್ ಎಡವಿದಾಗ



ಕೊಡಗಿನ ನೆಲ್ಯಹುದಿಕೇರಿ ಕಾವೇರಿಯ ದಂಡೆಯಲ್ಲಿರುವ ಊರು. ಸುತ್ತಲೂ ಕಾಫಿ ತೋಟಗಳು. ಕೊಡಗಿನ ಅನೇಕ ತೋಟದ ಮನೆಗಳಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ಅಂಗಳದಲ್ಲಿ ಮಳೆಮಾಪಕವನ್ನಿಟ್ಟು, ಬಿದ್ದ ಮಳೆಯನ್ನು ಇಂಚು ಮತ್ತು ಸೆಂಟುಗಳಲ್ಲಿ ಅಳೆದು, ಪುಸ್ತಕದಲ್ಲಿ ದಿನಕ್ಕೊಂದು ಸಾಲು ಬರೆದಿಡುತ್ತಾರೆ.

ಆ ಊರಿನ ಇಂಥ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಅಕ್ಕ ಪದವಿ ತರಗತಿಯಲ್ಲಿದ್ದಾಳೆ. ಅಜ್ಜ ಬರೆದಿಟ್ಟ ಮಳೆ ಪುಸ್ತಕಗಳನ್ನೆಲ್ಲ ಗಣಕಯಂತ್ರಕ್ಕೆ ತುಂಬಿ, ಕಾಲೇಜಿನ ಪ್ರಬಂಧಕ್ಕಾಗಿ ಲೆಕ್ಕ ಮಾಡುತ್ತಿದ್ದಾಳೆ. ತಮ್ಮನಿಗೆ ಆಟಗಳ ಹುಚ್ಚು. ಜುಲೈ ತಿಂಗಳ ಮಳೆಯ ನಡುವೆ ಅವನು ಅದೇ ಯಂತ್ರದ ಪ್ರೊಸೆಸರ್ ವೇಗವನ್ನು, ತಯಾರಕರು ಗೊತ್ತುಪಡಿಸಿದ್ದಕ್ಕಿಂತ ಹೆಚ್ಚಿಸಿದ. ಎಲ್ಲವೂ ಸರಿಯಾಗಿಯೇ ಇತ್ತು. ಏಪ್ರಿಲ್ ಬಂತು. ಪ್ರಬಂಧ ಒಪ್ಪಿಸುವ ವಾರದಲ್ಲಿ ಪರದೆ ಇದ್ದಕ್ಕಿದ್ದಂತೆ ನೀಲಿಯಾಯಿತು. ಯಂತ್ರ ತಾನಾಗಿಯೇ ನಿಂತು ಮತ್ತೆ ಆರಂಭವಾಯಿತು. ಒಂದು ಕಡತ ತೆರೆಯಲೇ ಇಲ್ಲ. ಈಗ ಇವರು ಏನು ಮಾಡಬೇಕು? ಇದೇ ಇಂದಿನ ನಮ್ಮ ವಿಷಯ.

ಮೊದಲು ವೇಗ ಎಂದರೇನು ಎಂಬುದನ್ನು ನೋಡೋಣ. ಪ್ರೊಸೆಸರಿನ ಒಳಗೆ ಎಲ್ಲ ಕೆಲಸವೂ ಒಂದು ತಾಳಕ್ಕೆ ಸರಿಯಾಗಿ ನಡೆಯುತ್ತದೆ. ಈ ತಾಳವನ್ನು ಕ್ಲಾಕ್ ಎನ್ನುತ್ತೇವೆ. 4 ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 400 ಕೋಟಿ ತಾಳ. ಎರಡು ತಾಳಗಳ ನಡುವಿನ ಅವಧಿ ಒಂದು ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗದ ಕಾಲು ಪಾಲು ಮಾತ್ರ. ಅಷ್ಟರಲ್ಲಿ ಬೆಳಕು ಕೂಡ ಚಲಿಸುವುದು ಏಳೂವರೆ ಸೆಂಟಿಮೀಟರ್ ಮಾತ್ರ. ಈ ಅಲ್ಪಾವಧಿಯಲ್ಲಿ ವಿದ್ಯುತ್ ಸಂಕೇತವು ಅನೇಕ ಟ್ರಾನ್ಸಿಸ್ಟರುಗಳನ್ನು ದಾಟಿ ತನ್ನ ಸ್ಥಾನ ಸೇರಬೇಕು. ತಾಳವನ್ನು ಇನ್ನೂ ಚುರುಕುಗೊಳಿಸಿದರೆ ಒಂದು ಹಂತದಲ್ಲಿ ಸಂಕೇತ ತಲುಪುವ ಮೊದಲೇ ಮುಂದಿನ ತಾಳ ಬೀಳುತ್ತದೆ. ಆಗ 1 ಇರಬೇಕಾದಲ್ಲಿ 0 ದಾಖಲಾಗುತ್ತದೆ. ಅಸ್ಥಿರತೆಯ ಮೂಲ ಇದೇ.

ಹಾಗಿದ್ದರೆ ಜನ ವೇಗ ಹೆಚ್ಚಿಸುವುದೇಕೆ? ತಯಾರಕರು ಪ್ರತಿ ಪ್ರೊಸೆಸರಿನಲ್ಲೂ ಸ್ವಲ್ಪ ಅಂತರವನ್ನು ಸುರಕ್ಷತೆಗಾಗಿ ಉಳಿಸಿರುತ್ತಾರೆ. 1998ರಲ್ಲಿ ಬಂದ ಇಂಟೆಲ್ ಸೆಲೆರಾನ್ 300ಎ ಇದಕ್ಕೆ ಪ್ರಸಿದ್ಧ ಉದಾಹರಣೆ. ಅದರ ವೇಗ 300 ಮೆಗಾಹರ್ಟ್ಸ್. ಅಂದರೆ ಬಸ್ಸಿನ 66 ಮೆಗಾಹರ್ಟ್ಸ್‌ನ ನಾಲ್ಕೂವರೆ ಪಟ್ಟು. ಬಸ್ಸನ್ನು 100ಕ್ಕೆ ಏರಿಸಿದರೆ ಪ್ರೊಸೆಸರ್ 450ರಲ್ಲಿ ಓಡುತ್ತಿತ್ತು. ಆಗಿನ ಹವ್ಯಾಸಿಗಳು ಅಗ್ಗದ ಪ್ರೊಸೆಸರಿನಿಂದ ದುಬಾರಿ ಪ್ರೊಸೆಸರಿನ ಕೆಲಸ ತೆಗೆದರು. ಆದರೆ ಈ ಅಂತರ ಪ್ರತಿ ಪ್ರೊಸೆಸರಿನಲ್ಲಿಯೂ ಬೇರೆ ಬೇರೆ. ಗೆಳೆಯನ ಯಂತ್ರದಲ್ಲಿ ನಡೆದದ್ದು ನಿಮ್ಮದರಲ್ಲಿ ನಡೆಯಬೇಕೆಂದಿಲ್ಲ.

ಎರಡನೆಯ ಸಂಗತಿ ಬಿಸಿ. ಪ್ರೊಸೆಸರ್ ಬಳಸುವ ಶಕ್ತಿ ವೇಗಕ್ಕೆ ಅನುಗುಣವಾಗಿ ಏರುತ್ತದೆ. ವೋಲ್ಟೇಜಿನ ವರ್ಗಕ್ಕೂ ಅನುಗುಣವಾಗಿ ಏರುತ್ತದೆ. ವೇಗವನ್ನು ನೂರಕ್ಕೆ 10ರಷ್ಟು, ವೋಲ್ಟೇಜನ್ನೂ ನೂರಕ್ಕೆ 10ರಷ್ಟು ಹೆಚ್ಚಿಸಿ ನೋಡಿ. 1.1ನ್ನು ಮೂರು ಬಾರಿ ಗುಣಿಸಿದರೆ 1.331. ಅಂದರೆ ಹತ್ತರಷ್ಟು ವೇಗಕ್ಕಾಗಿ ಮೂವತ್ತಮೂರರಷ್ಟು ಹೆಚ್ಚು ಶಾಖ!

ತಮ್ಮನ ಯಂತ್ರ ಜುಲೈಯಲ್ಲಿ ಸುಮ್ಮನಿದ್ದು ಏಪ್ರಿಲ್‌ನಲ್ಲಿ ಎಡವಿದ್ದೇಕೆಂದು ಈಗ ಊಹಿಸಬಹುದು. ಕೋಣೆಯ ಉಷ್ಣತೆ 8 ಡಿಗ್ರಿ ಏರಿದರೆ ಪ್ರೊಸೆಸರಿನ ಉಷ್ಣತೆಯೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಮಳೆಗಾಲದಲ್ಲಿ ಕೂದಲೆಳೆಯಷ್ಟು ಉಳಿದಿದ್ದ ಅಂತರ ಬೇಸಿಗೆಯಲ್ಲಿ ಮುಗಿದುಹೋಗಿರಬಹುದು. ಆದರೆ ಇದು ಊಹೆ ಮಾತ್ರ. ಊಹೆಯನ್ನು ಪರೀಕ್ಷಿಸಬೇಕು.

ಪರೀಕ್ಷೆಗೆ ಮೊದಲು ಮುಖ್ಯ ಕಡತಗಳ ಪ್ರತಿಯನ್ನು ಬೇರೊಂದು ಡಿಸ್ಕಿಗೆ ತೆಗೆದು, ಆ ಡಿಸ್ಕನ್ನು ಯಂತ್ರದಿಂದ ಬೇರ್ಪಡಿಸಿಡಿ. ಎಡವುತ್ತಿರುವ ಪ್ರೊಸೆಸರ್ ಒಳ್ಳೆಯ ಕಡತವನ್ನೂ ಕೆಡಿಸಿ ಬರೆದೀತು.

ಮೊದಲನೆಯ ಹೆಜ್ಜೆ: ಬಯಾಸ್‌ನಲ್ಲಿ ಎಲ್ಲವನ್ನೂ ತಯಾರಕರ ಮೂಲ ಸ್ಥಿತಿಗೆ ತನ್ನಿ. ಕೆಲವು ದಿನ ಎಂದಿನಂತೆ ಬಳಸಿ. ತೊಂದರೆ ನಿಂತಿತೇ? ಹಾಗಾದರೆ ದೋಷ ಹೆಚ್ಚಿಸಿದ ವೇಗದ್ದೇ ಇರಬೇಕು. ಮೂಲ ವೇಗದಲ್ಲೂ ಯಂತ್ರ ನಿಲ್ಲುತ್ತಿದ್ದರೆ ಮೆಮೊರಿ, ವಿದ್ಯುತ್ ಪೂರೈಕೆ, ಡಿಸ್ಕ್ ಇವುಗಳ ಕಡೆ ನೋಡಬೇಕು. ಈ ಹೆಜ್ಜೆಯನ್ನು ಬಿಟ್ಟವರು ತಿಂಗಳುಗಟ್ಟಲೆ ತಪ್ಪು ದಾರಿಯಲ್ಲಿ ಅಲೆಯುತ್ತಾರೆ.

ಎರಡನೆಯದು: ಉಷ್ಣತೆ. ಯಂತ್ರಕ್ಕೆ ಪೂರ್ಣ ಭಾರ ಕೊಟ್ಟು ಅಳೆಯಿರಿ. ಇಂದಿನ ಅನೇಕ ಪ್ರೊಸೆಸರುಗಳು 95ರಿಂದ 100 ಡಿಗ್ರಿಯ ಸುಮಾರಿಗೆ ತಾವೇ ವೇಗ ತಗ್ಗಿಸಿಕೊಳ್ಳುತ್ತವೆ. ಅಲ್ಲಿಗೆ ಮುಟ್ಟುತ್ತಿದ್ದರೆ ಫ್ಯಾನಿನ ಧೂಳು ತೆಗೆಯಿರಿ. ಶೀತಕ ಸಡಿಲವಾಗಿದೆಯೇ, ಅದರಡಿಯ ಲೇಪ ಒಣಗಿದೆಯೇ ನೋಡಿ. ಆದರೆ 60 ಡಿಗ್ರಿಯಲ್ಲೇ ಯಂತ್ರ ನಿಂತರೆ ಬಿಸಿಯನ್ನು ಮಾತ್ರ ದೂರಿ ಪ್ರಯೋಜನವಿಲ್ಲ.

ಮೂರನೆಯದು: ಮೆಮೊರಿ. ಎಕ್ಸ್‌ಎಂಪಿ ಎಂಬ ಆಯ್ಕೆಯನ್ನು ಚಾಲೂ ಮಾಡಿ, ತಾವು ಏನೂ ಹೆಚ್ಚಿಸಿಲ್ಲ ಎಂದು ಹಲವರು ತಿಳಿದಿರುತ್ತಾರೆ. ಅದೂ ವೇಗ ಹೆಚ್ಚಿಸುವ ಕ್ರಮವೇ. ಅದನ್ನು ಆರಿಸಿ, ಮೆಮ್‌ಟೆಸ್ಟ್ ತಂತ್ರಾಂಶವನ್ನು ರಾತ್ರಿಯಿಡೀ ಓಡಿಸಿ. ಒಂದೇ ಒಂದು ತಪ್ಪು ಕಂಡರೂ ಅದು ತಪ್ಪೇ.

ನಾಲ್ಕನೆಯದು: ವೋಲ್ಟೇಜು. ತೋಟದ ಪಂಪ್‌ಸೆಟ್ ಚಾಲೂ ಆದ ಕ್ಷಣ ಮನೆಯ ಬಲ್ಬು ಮಂಕಾಗುವುದನ್ನು ನೋಡಿದ್ದೀರಿ. ಪ್ರೊಸೆಸರಿನಲ್ಲೂ ಹಾಗೆಯೇ. ದೊಡ್ಡ ಲೆಕ್ಕ ಆರಂಭವಾದ ಕ್ಷಣ ವೋಲ್ಟೇಜು ಕುಸಿಯುತ್ತದೆ. ಕುಸಿದಾಗ ಸಂಕೇತ ನಿಧಾನವಾಗುತ್ತದೆ, ತಾಳ ತಪ್ಪುತ್ತದೆ. ಇದಕ್ಕೆ ಎರಡು ಪರಿಹಾರ: ವೇಗವನ್ನು ಒಂದು ಹಂತ ಇಳಿಸುವುದು, ಇಲ್ಲವೇ ವೋಲ್ಟೇಜನ್ನು ಒಂದು ವೋಲ್ಟಿನ ನೂರನೆಯ ಒಂದೆರಡು ಭಾಗದಷ್ಟು ಏರಿಸುವುದು. ಮೊದಲನೆಯದರಿಂದ ಯಾವ ಅಪಾಯವೂ ಇಲ್ಲ. ಎರಡನೆಯದಕ್ಕೆ ಬೆಲೆ ತೆರಬೇಕಾಗುತ್ತದೆ. ಇಂಟೆಲ್ ಕೋರ್ 13 ಮತ್ತು 14ನೇ ಪೀಳಿಗೆಯ ಕೆಲವು ಪ್ರೊಸೆಸರುಗಳು ಮೂಲ ವೇಗದಲ್ಲೇ ಅಸ್ಥಿರವಾದವು. ಅಗತ್ಯಕ್ಕಿಂತ ಹೆಚ್ಚಿನ ವೋಲ್ಟೇಜು ಅವುಗಳ ಒಳಗಿನ ಕ್ಲಾಕ್ ಮಂಡಲವನ್ನು ಕಾಲಕ್ರಮದಲ್ಲಿ ಸವೆಸಿತ್ತು ಎಂದು ಸಂಸ್ಥೆ 2024ರಲ್ಲಿ ವಿವರಿಸಿತು. ಸವೆದದ್ದು ಯಾವ ತಂತ್ರಾಂಶದಿಂದಲೂ ಮತ್ತೆ ಸರಿಹೋಗದು.

ಇನ್ನು ವೇಗವನ್ನು ಮತ್ತೆ ಏರಿಸಲೇಬೇಕೆಂದಿದ್ದರೆ ಒಂದೇ ನಿಯಮ: ಒಂದು ಸಲಕ್ಕೆ ಒಂದೇ ಬದಲಾವಣೆ. 100 ಮೆಗಾಹರ್ಟ್ಸ್ ಏರಿಸಿ, ಪರೀಕ್ಷಿಸಿ, ಬರೆದಿಡಿ. ವೇಗ, ವೋಲ್ಟೇಜು, ಮೆಮೊರಿ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕೆಟ್ಟಿತೆಂದು ತಿಳಿಯುವ ದಾರಿಯೇ ಇರುವುದಿಲ್ಲ. ಇಲ್ಲಿ ಅಜ್ಜನ ಮಳೆ ಪುಸ್ತಕವನ್ನು ನೆನೆಯಿರಿ. ತಾರೀಖು, ಅಳತೆ, ಒಂದು ಸಾಲು. ಯಂತ್ರದ ಪುಸ್ತಕದಲ್ಲೂ ಹಾಗೆಯೇ: ತಾರೀಖು, ಕೋಣೆಯ ಉಷ್ಣತೆ, ಬದಲಿಸಿದ್ದೇನು, ಆದದ್ದೇನು.

ಯಂತ್ರ ನಿಲ್ಲಲಿಲ್ಲ ಎಂದ ಮಾತ್ರಕ್ಕೆ ಅದು ಸರಿಯಾಗಿದೆಯೇ? ಇಲ್ಲ. ಈ ಮಾತನ್ನು ನೀವು ಮುಖ್ಯವಾಗಿ ಗಮನಿಸಬೇಕು. 2000ದ ಜುಲೈ ಕೊನೆಯಲ್ಲಿ ಇಂಟೆಲ್ ಸಂಸ್ಥೆ 1.13 ಗಿಗಾಹರ್ಟ್ಸ್ ವೇಗದ ಪೆಂಟಿಯಂ 3ನ್ನು ಹೊರತಂದಿತು. ದಿನನಿತ್ಯದ ಅನೇಕ ಕೆಲಸಗಳನ್ನು ಅದು ಮಾಡುತ್ತಿತ್ತು. ಲಿನಕ್ಸ್‌ನ ತಿರುಳನ್ನು ಕಂಪೈಲ್ ಮಾಡುವಂಥ ಕಠಿಣ ಕೆಲಸದಲ್ಲಿ ಮಾತ್ರ ಸೋಲುತ್ತಿತ್ತು. ತಿಂಗಳೊಪ್ಪತ್ತಿನಲ್ಲಿ ಸಂಸ್ಥೆ ಅದನ್ನು ಹಿಂದಕ್ಕೆ ಪಡೆಯಿತು. ತಯಾರಕರೇ ಮಿತಿಯ ಅಂಚಿನಲ್ಲಿ ಎಡವಬಹುದಾದರೆ ನಾವು ಎಷ್ಟು ಎಚ್ಚರವಿರಬೇಕು!

ಇಂಥ ಮೌನ ತಪ್ಪನ್ನು ಹಿಡಿಯುವ ಉಪಾಯವೆಂದರೆ ಉತ್ತರ ಮೊದಲೇ ತಿಳಿದಿರುವ ಲೆಕ್ಕವನ್ನು ಯಂತ್ರಕ್ಕೆ ಕೊಡುವುದು. 1996ರಲ್ಲಿ ಜಾರ್ಜ್ ವೋಲ್ಟ್‌ಮನ್ ಅವರು ಮರ್ಸೆನ್ ಅವಿಭಾಜ್ಯ ಸಂಖ್ಯೆಗಳ ಶೋಧಕ್ಕಾಗಿ ಆರಂಭಿಸಿದ ಯೋಜನೆಯ ಪ್ರೈಮ್95 ತಂತ್ರಾಂಶ ಈ ಕೆಲಸಕ್ಕೂ ಬಳಕೆಯಾಗುತ್ತದೆ. ಅದು ಗಂಟೆಗಟ್ಟಲೆ ಗುಣಾಕಾರ ಮಾಡಿಸಿ, ಬಂದ ಉತ್ತರವನ್ನು ತಿಳಿದ ಉತ್ತರದೊಡನೆ ಹೋಲಿಸುತ್ತದೆ. ಒಂದು ಅಂಕಿ ತಪ್ಪಿದರೂ ಹೇಳಿಬಿಡುತ್ತದೆ. ಪರೀಕ್ಷೆಯನ್ನು ವರ್ಷದ ಸೆಕೆಯ ದಿನ, ಮಧ್ಯಾಹ್ನದ ಹೊತ್ತಿನಲ್ಲಿ ಮಾಡಿ. ಮಳೆಗಾಲದ ರಾತ್ರಿ ತೇರ್ಗಡೆಯಾದ ಯಂತ್ರ ಪೂರ್ಣ ತೇರ್ಗಡೆಯಾದಂತಲ್ಲ.

ಮತ್ತೆ ಆ ಮನೆಗೆ ಹೋಗೋಣ. ನೀಲಿ ಪರದೆ ಅಕ್ಕನಿಗೆ ಉಪಕಾರವನ್ನೇ ಮಾಡಿತು ಎನ್ನಬೇಕು. ಅದು ತಪ್ಪನ್ನು ತೋರಿಸಿತು. ಪರದೆ ನೀಲಿಯಾಗದೆ, ಯಾವುದೋ ವರ್ಷದ ಜೂನ್ ತಿಂಗಳ ಮೊತ್ತದಲ್ಲಿ ಒಂದು ಅಂಕಿ ಮಾತ್ರ ಬದಲಾಗಿದ್ದರೆ? ಪ್ರಬಂಧ ಅಚ್ಚುಕಟ್ಟಾಗಿಯೇ ಕಾಣುತ್ತಿತ್ತು. ಮಳೆಯ ಲೆಕ್ಕ ಮಾತ್ರ ಸುಳ್ಳಾಗುತ್ತಿತ್ತು. ಅದೃಷ್ಟಕ್ಕೆ ಕಾಗದದ ಪುಸ್ತಕ ಮನೆಯಲ್ಲೇ ಇದೆ. ಯಂತ್ರವನ್ನು ಮೂಲ ವೇಗಕ್ಕೆ ತಂದು, ಮೊತ್ತಗಳನ್ನು ಮತ್ತೆ ಮಾಡಿಸಿ, ಅಲ್ಲಲ್ಲಿ ಒಂದೊಂದು ತಿಂಗಳನ್ನು ಕೈಲೆಕ್ಕದಿಂದ ತಾಳೆ ನೋಡಿದರೆ ಪ್ರಬಂಧ ಉಳಿಯುತ್ತದೆ. ತಮ್ಮನ ಆಟದಲ್ಲಿ ನಾಲ್ಕಾರು ಚೌಕಟ್ಟು ಕಡಿಮೆಯಾದೀತು. ಅದೇನೂ ದೊಡ್ಡ ನಷ್ಟವಲ್ಲ.

ಮಿತ್ರರೇ, ವೇಗದ ಮಿತಿಯನ್ನು ಹುಡುಕುವುದು ತಪ್ಪಲ್ಲ. ಅದರಿಂದ ಯಂತ್ರದ ಒಳಗುಟ್ಟು ತಿಳಿಯುತ್ತದೆ. ಆದರೆ ಹುಡುಕುವ ಯಂತ್ರ ಒಂದಿರಲಿ, ನಂಬುವ ಯಂತ್ರ ಇನ್ನೊಂದಿರಲಿ. ಎರಡೂ ಒಂದೇ ಆಗಿದ್ದರೆ, ನಂಬಬೇಕಾದ ದಿನ ಅದನ್ನು ಅದರ ಸಹಜ ವೇಗದಲ್ಲಿ ಓಡಲು ಬಿಡಿ.