ಗಿರಣಿಯ ಕಾದಂಬರಿಕಾರ



ಬರೆಯುವ ಆಸೆಯಿದೆ, ವೇಳೆಯೇ ಸಿಗುವುದಿಲ್ಲ ಎನ್ನುವವರು ಬಹಳ. ನಿಪ್ಪಾಣಿಯ ಮಹಾದೇವ ಮೋರೆ ಅವರಿಗೂ ವೇಳೆ ಇರಲಿಲ್ಲ. ಅವರು ಬರೆದದ್ದು ಮರಾಠಿಯಲ್ಲಿ. ಗಡಿಯ ಊರಲ್ಲಿ ಅದೇನು ದೊಡ್ಡ ಮಾತಲ್ಲ ಬಿಡಿ. ಹೊಟ್ಟೆಪಾಡಿಗೆ ನಡೆಸಿದ್ದು ಹಿಟ್ಟಿನ ಗಿರಣಿ.

ಗಿರಣಿ ಹೇಗಿರುತ್ತದೆ, ಗೊತ್ತಲ್ಲ? ಬೆಲ್ಟಿನ ಗದ್ದಲ. ಹುಬ್ಬಿನ ಮೇಲೂ ಹಿಟ್ಟು. ಸಾಲುಗಟ್ಟಿದ ಡಬ್ಬಿಗಳು. ‘ಗೋಧಿ ಮ್ಯಾಲ ನನ್ನ ಜ್ವಾಳ ಹಾಕಬ್ಯಾಡ್ರಿ’ ಎನ್ನುವ ತಕರಾರು ಬೇರೆ. ಇಂಥ ದುಡಿಮೆಯ ಜೊತೆಗೇ ಅವರು ದಶಕಗಳ ಕಾಲ ಕಥೆ, ಕಾದಂಬರಿ ಬರೆಯುತ್ತ ಹೋದರು. ತಂಬಾಕಿನ ವಖಾರಿಯಲ್ಲಿ ದುಡಿಯುವ ಹೆಣ್ಣುಮಕ್ಕಳು, ಗ್ಯಾರೇಜಿನವರು, ಡ್ರೈವರುಗಳು ಅವರ ಬರಹದೊಳಗೆ ಬಂದರು. ಡಬ್ಬಿ ಹೊತ್ತು ಬಂದವರು ಸುಮ್ಮನೆ ನಿಲ್ಲುತ್ತಾರೆಯೇ? ಮನೆಯ ಸುದ್ದಿಯನ್ನೂ ಇಳಿಸುತ್ತಾರೆ. ಬರೆಯುವವರಿಗೆ ಏಕಾಂತ ಬೇಕು, ನಿಜ. ಆದರೆ ವರ್ಷಗಟ್ಟಲೆ ಬರೆಯಬೇಕಾದವರಿಗೆ ಬಾಗಿಲಿಗೆ ಬರುವ ಜನ ಅದಕ್ಕಿಂತ ಹೆಚ್ಚು ಬೇಕೇನೋ.

ಅದೇ ಬೆಳಗಾವಿ ಜಿಲ್ಲೆಯ ಗೋಕಾಕ ತಾಲ್ಲೂಕಿನ ಕನ್ನಡ ಕಾದಂಬರಿಕಾರ ಬಸವರಾಜ ಕಟ್ಟೀಮನಿಯವರನ್ನೂ ನೋಡಿ. 1942ರ ಕ್ವಿಟ್ ಇಂಡಿಯಾ ಚಳವಳಿಯ ಜೈಲುವಾಸ, ಜೊತೆಗೆ ಪತ್ರಿಕೆಗಳ ದುಡಿಮೆ. ಪತ್ರಿಕೆಯ ಕೆಲಸ ಅಂದರೆ ದಿನವೂ ಊರಿನ ಜಗಳ, ಮುಷ್ಕರ, ಮೆರವಣಿಗೆ ಮೇಜಿನ ಮೇಲೆ ಬಂದು ಬೀಳುವುದು. ಅವರ ಕಾದಂಬರಿಗಳೇ 30ಕ್ಕೂ ಹೆಚ್ಚು.